ಮೇಲ್ ಸರ್ವರ್ ನಿಧಾನ ಅಂದ ಕೂಡಲೇ ರ‍್ಯಾಮ್ ಮಾರುವವರನ್ನು ನಂಬಬೇಡಿ

ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಮೇಲೆ ಆಫೀಸಿನ ಮೇಲ್ ನಡೆಸುತ್ತಿರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ "ಅಪ್‌ಗ್ರೇಡ್ ಮಾಡ್ಕೊಳ್ಳಿ ಸರ್, ಎಲ್ಲ ಸರಿಹೋಗುತ್ತೆ" ಅಂತ ಹೋಸ್ಟಿಂಗ್‌ನವರಿಂದ ಕೇಳಿಸಿಕೊಂಡವರು ದುಡ್ಡು ಕಟ್ಟುವ ಮುಂಚೆಯೇ ಓದಿ. ಕಟ್ಟಿದ ಮೇಲೆ ವಾಪಸ್ ಬರಲ್ಲ. ನಮಗೆ ಬಂದಿಲ್ಲ.

ಸರ್ವರ್ ದೊಡ್ಡದೇನಲ್ಲ. ಮೇಲ್ ತೆಗೆದುಕೊಂಡು ಸಾಗಿಸಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್‌ಗೆ ಡವ್‌ಕಾಟ್, ಸೋಸಲು ಅಮಾವಿಸ್, ಅದರೊಳಗೆ ಸ್ಪ್ಯಾಮ್ ಹಿಡಿಯಲು ಸ್ಪ್ಯಾಮ್‌ಅಸಾಸಿನ್. 8 ಜಿಬಿ ರ‍್ಯಾಮ್, 4 ಕೋರ್, ಸುಮಾರು ಅರವತ್ತು ಮೇಲ್‌ಬಾಕ್ಸ್. ತೊಂದರೆ ಎರಡು: ಹೊರಗಿನಿಂದ ಬರುವ ಮೇಲ್ ತಡವಾಗಿ ಇನ್‌ಬಾಕ್ಸ್ ಸೇರುತ್ತಿತ್ತು, ಮತ್ತು ಬೆಳಿಗ್ಗೆ ಎಲ್ಲರೂ ಕೂತ ಹೊತ್ತಿಗೆ ಐಮ್ಯಾಪ್ ಫೋಲ್ಡರ್ (ಸರ್ವರ್‌ನಲ್ಲೇ ಇರುವ ಮೇಲ್ ಫೋಲ್ಡರ್) ತೆರೆಯೋದೇ ಕಷ್ಟ. ಟಿಕೆಟ್ ಹಾಕಿದ್ದಕ್ಕೆ ಬಂದ ಉತ್ತರ: "ಸರ್, ನಿಮ್ಮ ಲೋಡ್ ಆವರೇಜ್ 14 ಇದೆ. 4 ಕೋರ್‌ಗೆ ಇದು ತುಂಬಾ ಜಾಸ್ತಿ. 16 ಜಿಬಿ ಪ್ಲಾನ್‌ಗೆ ಹೋಗಿ." ಜೊತೆಗೊಂದು ಸ್ಕ್ರೀನ್‌ಶಾಟ್, ಲೋಡ್ ಸುತ್ತ ಕೆಂಪು ಗೆರೆ ಎಳೆದು.

ಅದೇ ಸ್ಕ್ರೀನ್‌ಶಾಟ್‌ನಲ್ಲಿ ಎರಡು ಸಾಲು ಕೆಳಗೆ ಸಿಪಿಯು ಲೆಕ್ಕವೂ ಇತ್ತು. ಯೂಸರ್ 6, ವೆಯ್ಟ್ 71, ಅಂದರೆ ಪ್ರೋಗ್ರಾಂ ಓಡಿಸಲು ಹೋದದ್ದು ಶೇಕಡಾ 6, ಡಿಸ್ಕ್‌ಗೆ ಕಾಯುತ್ತಾ ಕಳೆದದ್ದು ಶೇಕಡಾ 71. ಅದರ ಸುತ್ತ ಗೆರೆ ಇಲ್ಲ! ಲಿನಕ್ಸ್‌ನಲ್ಲಿ ಲೋಡ್ ಆವರೇಜ್ ಅಂದರೆ ಬರೀ ಸಿಪಿಯುಗೆ ಕಾಯುವವರ ಲೆಕ್ಕ ಅಲ್ಲ, ಡಿಸ್ಕ್‌ಗೆ ಕಾಯುತ್ತಾ ನಿಂತ ಪ್ರೋಸೆಸ್‌ಗಳೂ, ಅಂದರೆ ಟಾಪ್ ಕಮಾಂಡ್‌ನಲ್ಲಿ 'ಡಿ' ಅಂತ ಕಾಣುವವೂ, ಅದರಲ್ಲಿ ಸೇರುತ್ತವೆ. ಸಿಪಿಯು ಖಾಲಿ ಕೂತಿದೆ, ಡಿಸ್ಕ್ ಉಸಿರುಗಟ್ಟಿದೆ, ಇವರು ಹೇಳೋದು ರ‍್ಯಾಮ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈ ಆಕ್ಷೇಪವನ್ನು ಬರೆದು ಕಳಿಸಿದರೆ "ರ‍್ಯಾಮ್ ಹೆಚ್ಚಾದರೆ ಕ್ಯಾಶ್ ಹೆಚ್ಚುತ್ತೆ ಸರ್, ಡಿಸ್ಕ್ ಮೇಲೆ ಹೊರೆ ಇಳಿಯುತ್ತೆ" ಅಂದರು. ಅಕೌಂಟ್ಸ್‌ನವರ ಕೈಯಲ್ಲಿ ಒಂದು ವರ್ಷದ ದುಡ್ಡು ಮುಂಗಡವಾಗಿ ಕಟ್ಟಿಸಿಕೊಂಡರು. ರೀಬೂಟ್ ಆಯ್ತು, 16 ಜಿಬಿ ಬಂತು, ಮಾರನೇ ಬೆಳಿಗ್ಗೆ ಅದೇ ಕಥೆ. 'ಫ್ರೀ' ಕಮಾಂಡ್ ಹೊಡೆದರೆ ಅವೈಲಬಲ್ ಕಾಲಂನಲ್ಲಿ 12 ಜಿಬಿ, ಸ್ವಾಪ್ ಸೊನ್ನೆ. ಹೊಸದಾಗಿ ಕೊಂಡ ರ‍್ಯಾಮ್ ಅಷ್ಟೂ ಸುಮ್ಮನೆ ಬಿದ್ದಿತ್ತು.

ಕ್ಯಾಶ್ (ಡಿಸ್ಕ್‌ನಲ್ಲಿರೋದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳೋದು) ಮಾತು ಡಿಸ್ಕ್‌ನಿಂದ ಓದುವುದಕ್ಕೆ ಸರಿ, ಡಿಸ್ಕ್‌ಗೆ ಬರೆಯುವುದಕ್ಕಲ್ಲ. ಪೋಸ್ಟ್‌ಫಿಕ್ಸ್ ಒಂದು ಮೇಲ್‌ಗೆ '250 ಓಕೆ' (ಮೇಲ್ ತಲುಪಿತು) ಹೇಳಬೇಕಾದರೆ ಸರತಿಯಲ್ಲಿಟ್ಟ ಮೇಲ್‌ನ ಕ್ಯೂ ಫೈಲನ್ನು ಎಫ್‌ಸಿಂಕ್ ಮಾಡಿಯೇ, ಅಂದರೆ ಡಿಸ್ಕ್‌ಗೆ ನಿಜವಾಗಿ ಬರೆದು ಮುಗಿಸಿಯೇ, ಹೇಳಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ಮೇಲ್ ಮಾಯ. ಆಮೇಲೆ ಅಮಾವಿಸ್‌ಗೆ ಹೋಗಿ ವಾಪಸ್ ಬಂದಾಗ ಇನ್ನೊಂದು ಕ್ಯೂ ಫೈಲ್, ಇನ್ನೊಂದು ಎಫ್‌ಸಿಂಕ್. ಆಮೇಲೆ ಡವ್‌ಕಾಟ್ ಮೇಲ್‌ಡಿರ್‌ಗೆ (ಮೇಲ್‌ಗೊಂದು ಫೈಲ್ ಇಡುವ ಫೋಲ್ಡರ್) ಹಾಕುವಾಗ ಮತ್ತೆ, ಇಂಡೆಕ್ಸ್ ಬೇರೆ. ಒಂದು ಸಣ್ಣ ಮೇಲ್‌ಗೆ ಇಷ್ಟು ಚಿಕ್ಕ ಚಿಕ್ಕ ಬರಹ. ಇದರಲ್ಲಿ ಒಂದನ್ನೂ ರ‍್ಯಾಮ್ ತಪ್ಪಿಸಲ್ಲ. ಮೇಲ್ ಸರ್ವರ್‌ಗೆ ಬೇಕಾದದ್ದು ಐಓಪಿಎಸ್ (ಡಿಸ್ಕ್ ಸೆಕೆಂಡಿಗೆ ಮಾಡುವ ಓದು-ಬರಹಗಳ ಸಂಖ್ಯೆ), ಜಿಬಿ ಅಲ್ಲ.

ಡಿಸ್ಕ್ ಲೆಕ್ಕವನ್ನು ಐದೈದು ಸೆಕೆಂಡಿಗೆ ತೋರಿಸುವ 'ಐಓಸ್ಟ್ಯಾಟ್ -ಎಕ್ಸ್ 5' ಓಡಿಸಿ ಬಿಟ್ಟಾಗ ಗುಟ್ಟು ಹೊರಬಿತ್ತು. ಸೆಕೆಂಡಿಗೆ ಓದಿದ್ದು, ಬರೆದದ್ದು ಎರಡೂ ಸೇರಿಸಿದರೆ 300. ಮುಂದಿನ ಸಾಲು 300. ಅದರ ಮುಂದಿನದು 299. ಬಳಕೆ ಏರಿದರೂ 300 ದಾಟುವುದೇ ಇಲ್ಲ, ಅವೇಟ್ (ಒಂದೊಂದು ಓದು-ಬರಹಕ್ಕೆ ಹಿಡಿಯುವ ಸಮಯ) ಮಾತ್ರ 40, 90, 180 ಮಿಲಿಸೆಕೆಂಡ್ ಅಂತ ಏರುತ್ತಾ ಹೋಗುತ್ತೆ. ಡಿಸ್ಕ್ ತಾನಾಗಿ ಸೋತರೆ ಅಂಕಿ ಮೇಲೆ ಕೆಳಗೆ ಕುಣಿಯುತ್ತೆ. ಹೀಗೆ ಗೋಡೆ ಕಟ್ಟಿದ ಹಾಗೆ ಒಂದೇ ಅಂಕಿಗೆ ನಿಂತರೆ ಯಾರೋ ಮಿತಿ ಹಾಕಿದ್ದಾರೆ ಅಂತಲೇ ಅರ್ಥ. ವೆಬ್‌ಸೈಟ್ ತುಂಬಾ 'ಎನ್‌ವಿಎಂಇ ಎಸ್‌ಎಸ್‌ಡಿ' (ಅತಿ ವೇಗದ ಡಿಸ್ಕ್) ಅಂತ ದೊಡ್ಡ ಅಕ್ಷರ, ಕೊಟ್ಟದ್ದು 300 ಐಓಪಿಎಸ್. ಹಳೇ 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಮೂರ್ನಾಲ್ಕು ಜೋಡಿಸಿದರೆ ಸಿಗುವಷ್ಟು.

ಇದನ್ನು ಕಳಿಸಿ ನೇರವಾಗಿ ಕೇಳಿದಾಗ ಬಂದ ಉತ್ತರ ಇವತ್ತಿಗೂ ಮೈ ಉರಿಸುತ್ತೆ: "ಹೌದು ಸರ್, ಐಓಪಿಎಸ್ ಲಿಮಿಟ್ ಎಲ್ಲ ಪ್ಲಾನ್‌ಗೂ ಒಂದೇ."

ಎಲ್ಲ ಪ್ಲಾನ್‌ಗೂ ಒಂದೇ! ಅಂದರೆ 8 ಜಿಬಿಗೂ ಅದೇ, 16 ಜಿಬಿಗೂ ಅದೇ, ನಾಳೆ 64 ಜಿಬಿ ಕೊಂಡರೂ ಅದೇ. ಡಿಸ್ಕ್ ತೊಂದರೆ ಅಂತ ಬರೆದುಕೊಟ್ಟ ಮೇಲೂ, ಅಪ್‌ಗ್ರೇಡ್‌ನಿಂದ ಡಿಸ್ಕ್ ಕೂದಲೆಳೆಯಷ್ಟೂ ಬದಲಾಗಲ್ಲ ಅಂತ ಗೊತ್ತಿದ್ದೂ ಮಾರಿದರು. "ಮೊದಲೇ ಯಾಕೆ ಹೇಳಲಿಲ್ಲ" ಅಂದರೆ "ನೀವು ಕೇಳಲಿಲ್ಲ ಸರ್". ಹಳೇ ಪ್ಲಾನ್‌ಗೆ ವಾಪಸ್ ಕೊಡಿ ಅಂದರೆ "ಡೌನ್‌ಗ್ರೇಡ್ ಪಾಲಿಸಿಯಲ್ಲಿ ಇಲ್ಲ". ಟಿಕೆಟ್ ಕ್ಲೋಸ್. ಮತ್ತೆ ತೆರೆದರೆ ಮತ್ತೆ ಕ್ಲೋಸ್.

ಇನ್ನೊಂದು ತೊಂದರೆ, ಮೇಲ್ ತಡವಾಗಿ ಸೇರೋದು, ಅದೂ ಅವರದ್ದೇ. ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಪ್ರತಿ ಮೇಲ್‌ಗೂ 'ಡಿಲೇಸ್' ಅಂತ ನಾಲ್ಕು ಅಂಕಿ ಇರುತ್ತೆ: ಕ್ಯೂ ಮ್ಯಾನೇಜರ್‌ಗೆ ತಲುಪುವ ತನಕ ಹಿಡಿದ ಸಮಯ, ಕ್ಯೂ ಮ್ಯಾನೇಜರ್ ಒಳಗೆ ಕಾದದ್ದು, ಸಂಪರ್ಕ ಕೂಡಿಸಲು ಹಿಡಿದದ್ದು, ಕಡೆಗೆ ಸಾಗಿಸಲು ಹಿಡಿದದ್ದು. 10024 ಪೋರ್ಟ್‌ನ ಅಮಾವಿಸ್‌ಗೆ ಹೋಗುವ ಸಾಲುಗಳಲ್ಲಿ ನಾಲ್ಕನೆಯದು 20ರ ಆಸುಪಾಸು. ಅಂದರೆ ಕ್ಯೂ ಸರಿ ಇದೆ, ಫಿಲ್ಟರ್ ಒಳಗೇ 20 ಸೆಕೆಂಡ್ ಕರಗುತ್ತಿದೆ. ಅಮಾವಿಸ್ ತಾನಾಗಿ ಓಡಿಸೋದು ಎರಡೇ ಪ್ರೋಸೆಸ್. ಒಂದಕ್ಕೆ 20 ಸೆಕೆಂಡ್ ಆದರೆ ನಿಮಿಷಕ್ಕೆ ಆರು ಮೇಲ್, ಅಷ್ಟೇ. ಬೆಳಿಗ್ಗೆ ಕ್ಯೂ ಬೆಳೆಯದೇ ಇನ್ನೇನಾಗುತ್ತೆ? ಇಂಥ ಹೊತ್ತಲ್ಲಿ ಪ್ರೋಸೆಸ್ ಸಂಖ್ಯೆ ಏರಿಸಿ ಕೈತೊಳೆದುಕೊಳ್ಳಬೇಡಿ, ರೋಗ ಮುಚ್ಚಿಹೋಗುತ್ತೆ.

ಕಾರಣ ರಿಸಾಲ್ವ್ ಡಾಟ್ ಕಾನ್ಫ್‌ನಲ್ಲಿತ್ತು, ಅಂದರೆ ಹೆಸರುಗಳಿಗೆ ಐಪಿ ವಿಳಾಸ ಹುಡುಕಿಕೊಡುವ ನೇಮ್‌ಸರ್ವರ್ (ಡಿಎನ್‌ಎಸ್ ಸರ್ವರ್) ಯಾವುದು ಅಂತ ಬರೆದಿಡುವ ಫೈಲ್‌ನಲ್ಲಿ. ಅವರೇ ಕೊಟ್ಟ ಎರಡು ನೇಮ್‌ಸರ್ವರ್‌ಗಳಲ್ಲಿ ಮೊದಲನೆಯದು ಸತ್ತಿತ್ತು. ಡಿಗ್ ಕಮಾಂಡ್‌ನಲ್ಲಿ ಅದನ್ನೇ ನೇರವಾಗಿ ಕೇಳಿದರೆ ಬರೀ ಟೈಮ್‌ಔಟ್. ಸತ್ತ ನೇಮ್‌ಸರ್ವರ್ ಮೇಲೆ ಸಾಮಾನ್ಯ ಹುಡುಕಾಟ 5 ಸೆಕೆಂಡ್ ಕಾದು ಎರಡನೆಯದಕ್ಕೆ ಹೋಗುತ್ತೆ. ಸ್ಪ್ಯಾಮ್‌ಅಸಾಸಿನ್ ಬ್ಲಾಕ್‌ಲಿಸ್ಟ್ (ಸ್ಪ್ಯಾಮ್ ಕಳಿಸುವವರ ಪಟ್ಟಿ, ಕೇಳೋದು ಡಿಎನ್‌ಎಸ್ ಮೂಲಕವೇ) ಉತ್ತರಕ್ಕೆ 15 ಸೆಕೆಂಡ್ ತನಕ ಕಾಯುತ್ತೆ. ಕೂಡಿಸಿ ನೋಡಿ, 20. ಅವರ ಉತ್ತರ: "ಆ ಡಿಎನ್‌ಎಸ್ ಸರ್ವರ್ ನಾವು ನಿಲ್ಲಿಸಿದ್ದೀವಿ ಸರ್, ಪೋರ್ಟಲ್‌ನಲ್ಲಿ ನೋಟಿಸ್ ಹಾಕಿದ್ವಿ." ಪೋರ್ಟಲ್‌ನಲ್ಲಿ! ನೋಂದಾಯಿಸಿದ ವಿಳಾಸಕ್ಕೆ ಒಂದು ಮೇಲ್ ಇಲ್ಲ. ನಿಲ್ಲಿಸಿದ್ದು ಗೊತ್ತಿದ್ದವರು ಅಷ್ಟು ದಿನ "ನಮ್ಮ ಕಡೆಯಿಂದ ಎಲ್ಲ ಸರಿಯಿದೆ" ಅಂತ ಬರೆಯುತ್ತಿದ್ದರು.

ಇದಕ್ಕೆ ಮದ್ದು ಬಿಟ್ಟಿ. ಅನ್‌ಬೌಂಡ್ (ನಿಮ್ಮದೇ ಡಿಎನ್‌ಎಸ್ ರಿಸಾಲ್ವರ್) ಹಾಕಿ, ನೇಮ್‌ಸರ್ವರ್ 127.0.0.1, ಅಂದರೆ ಇದೇ ಸರ್ವರ್, ಮಾಡಿ. ರೀಬೂಟ್ ಆದಾಗ ನೆಟ್‌ವರ್ಕ್ ಹೊಂದಿಸುವ ಕ್ಲೌಡ್-ಇನಿಟ್ ಅಥವಾ ನೆಟ್‌ಪ್ಲ್ಯಾನ್ ಹಳೇದನ್ನೇ ಮತ್ತೆ ಬರೆಯುತ್ತಾ ಅಂತ ಖಂಡಿತ ನೋಡಿ. ಅವಸರಕ್ಕೆ ಗೂಗಲ್‌ನ ಸಾರ್ವಜನಿಕ ರಿಸಾಲ್ವರ್ 8.8.8.8 ಹಾಕಬೇಡಿ. ಸಾರ್ವಜನಿಕ ರಿಸಾಲ್ವರ್‌ನಿಂದ ಕೇಳಿದರೆ ಸ್ಪ್ಯಾಮ್‌ಹೌಸ್ ಅನ್ನುವ ಬ್ಲಾಕ್‌ಲಿಸ್ಟ್ ಸಂಸ್ಥೆ ಪಟ್ಟಿಯ ಉತ್ತರ ಕೊಡಲ್ಲ, 127.255.255.254 ಅನ್ನುವ ದೋಷದ ಕೋಡ್ ಕೊಡುತ್ತೆ. ಪೋಸ್ಟ್‌ಫಿಕ್ಸ್‌ನಲ್ಲಿ ಬರೀ ಅವರ ಝೆನ್ ಪಟ್ಟಿಯ ಹೆಸರು ಬರೆದು ಬಿಟ್ಟಿದ್ದರೆ ಅದನ್ನೂ 'ಪಟ್ಟಿಯಲ್ಲಿದೆ' ಅಂತಲೇ ಓದಿಕೊಂಡು ಒಳ್ಳೇ ಮೇಲ್‌ಗಳನ್ನೆಲ್ಲ ವಾಪಸ್ ಅಟ್ಟುತ್ತೆ. ಪಟ್ಟಿಯ ಹೆಸರಿನ ಕೊನೆಗೆ =127.0.0.[2..11] ಅಂತ ಸೇರಿಸಿ, ಆಗ ದೋಷದ ಕೋಡ್ ಲೆಕ್ಕಕ್ಕೆ ಬರಲ್ಲ. ಸಾರ್ಬ್ಸ್ ಅನ್ನುವ ಇನ್ನೊಂದು ಬ್ಲಾಕ್‌ಲಿಸ್ಟ್ 2024ರ ಜೂನ್‌ನಲ್ಲೇ ಮುಚ್ಚಿತು, ಇನ್ನೂ ಕಾನ್ಫಿಗ್‌ನಲ್ಲಿದ್ದರೆ ಕಿತ್ತುಹಾಕಿ.

ಹೊಸ ಕಡೆ ಹೋಗುವವರು ಐಓಪಿಎಸ್ ಮಿತಿ ಎಷ್ಟು, ಪ್ಲಾನ್ ಬದಲಾದರೆ ಅದೂ ಬದಲಾಗುತ್ತಾ ಅಂತ ಮೇಲ್‌ನಲ್ಲೇ ಬರೆಸಿಕೊಳ್ಳಿ. ಫೋನ್‌ನಲ್ಲಿ ಹೇಳಿದ್ದು ಹೇಳಿದ ಹಾಗಲ್ಲ. ಒಂದು ತಿಂಗಳಿಗೆ ಮಾತ್ರ ಕಟ್ಟಿ. ಎಫ್‌ಐಓ ಅನ್ನುವ ಡಿಸ್ಕ್ ಪರೀಕ್ಷೆಯ ಟೂಲ್‌ನಲ್ಲಿ 4ಕೆ ರ‍್ಯಾಂಡಮ್ ರೈಟ್, ಪ್ರತಿ ಬರಹಕ್ಕೂ ಎಫ್‌ಸಿಂಕ್ ಇಟ್ಟು ಅರ್ಧ ಗಂಟೆಗೂ ಹೆಚ್ಚು ಓಡಿಸಿ, ಯಾಕೆಂದರೆ ಮೊದಲ ಕೆಲವು ನಿಮಿಷ ಬರ್ಸ್ಟ್ ಅಂತ ಚೆನ್ನಾಗಿ ಓಡಿ ಆಮೇಲೆ ಕುಸಿಯುವ ಡಿಸ್ಕ್‌ಗಳೂ ಇವೆ. ಟಾಪ್‌ನಲ್ಲಿ 'ಎಸ್‌ಟಿ' ಕಾಲಂ (ಸಿಪಿಯು ಬೇರೆಯವರ ಪಾಲಾಗಿ ನಿಮ್ಮ ಸರ್ವರ್ ಕಾದ ಸಮಯದ ಶೇಕಡಾ) ಕೂಡ ನೋಡಿ, ಅದು ಸದಾ ಎರಡಂಕಿಯಲ್ಲಿದ್ದರೆ ಒಂದೇ ಯಂತ್ರವನ್ನು ಬೇಕಾದಷ್ಟು ಜನಕ್ಕೆ ಮಾರಿದ್ದಾರೆ. ಸಾಗಿಸುವ ಹಿಂದಿನ ದಿನವೇ ಎಂಎಕ್ಸ್ ಟಿಟಿಎಲ್ (ನಿಮ್ಮ ಮೇಲ್ ಸರ್ವರ್ ಯಾವುದು ಅಂತ ಹೊರಗಿನವರು ನೆನಪಿಟ್ಟುಕೊಳ್ಳುವ ಸಮಯ) 300 ಸೆಕೆಂಡಿಗೆ ಇಳಿಸಿ. ಹಳೇ ಕಡೆಯ ಆಟೋ ರಿನ್ಯೂವಲ್ ಆಫ್ ಮಾಡಿ, ಕಾರ್ಡ್ ತೆಗೆದುಹಾಕಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪೋರ್ಟಲ್‌ನಲ್ಲಿ ಹಾಕುವ ನೋಟಿಸ್ ನಿಮ್ಮ ಕಣ್ಣಿಗೆ ಬೀಳಲ್ಲ, ಕಾರ್ಡ್‌ನಿಂದ ದುಡ್ಡು ಮಾತ್ರ ಸರಿಯಾದ ದಿನಕ್ಕೆ ಹೋಗಿರುತ್ತೆ.