ಹಳೆಯ ಲೈಮನ್ 450: ಯಂತ್ರಕ್ಕಿಂತ ಮೊದಲು ಡೈ ನೋಡಿ

ಅಮೆರಿಕದಲ್ಲಿ ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ದುಕೊಂಡು ಗುರಿ ಅಭ್ಯಾಸ ಮಾಡುವವರ ಗ್ಯಾರೇಜುಗಳಲ್ಲಿ ಲೈಮನ್ ಕಂಪನಿಯ 450 ಯಂತ್ರ ಇಂದಿಗೂ ಕಾಣಸಿಗುತ್ತದೆ. ಅಚ್ಚಿನಿಂದ ಹೊರಬಂದ ಗುಂಡನ್ನು ನಿಗದಿತ ವ್ಯಾಸಕ್ಕೆ ತರುವುದು ಮತ್ತು ಅದೇ ಒತ್ತಿನಲ್ಲಿ ಗುಂಡಿನ ಸುತ್ತಲಿನ ತೋಡುಗಳಿಗೆ ಮೇಣದಂಥ ಜಾರುಜಿಡ್ಡು, ಅಂದರೆ ಲೂಬ್, ತುಂಬುವುದು ಇದರ ಕೆಲಸ. 1878ರಲ್ಲಿ ಆರಂಭವಾದ, ಕನೆಕ್ಟಿಕಟ್ ಮೂಲದ ಈ ಕಂಪನಿಯು ಬಳಿಕ 4500 ಎಂಬ ಮಾದರಿಯನ್ನು ತಂದದ್ದರಿಂದ, 450 ಬೇಕೆಂದರೆ ಗನ್ ಶೋಗಳಲ್ಲೋ, ಹವ್ಯಾಸ ಬಿಟ್ಟ ಹಿರಿಯರ ಗ್ಯಾರೇಜ್ ಸೇಲ್‌ಗಳಲ್ಲೋ ಹುಡುಕಬೇಕು. ಸ್ವಂತ ಬಳಕೆಗೆ ಗುಂಡು ತಯಾರಿಸಿಕೊಳ್ಳಲು ಅಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರುವುದಾದರೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತಯಾರಿಕೆಗೇ ಪರವಾನಗಿ ಬೇಕಾದ್ದರಿಂದ, ಈ ವಿಮರ್ಶೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಹವ್ಯಾಸಿಗಳಿಗೆ ಮಾತ್ರ.

ನನ್ನ ಕೈಗೆ ಬಂದ ಯಂತ್ರದ ಎರಕದ ಕಬ್ಬಿಣದ ಮೈ ಗಟ್ಟಿಮುಟ್ಟಾಗಿತ್ತು, ಹಿಡಿಕೆಯ ಕೀಲುಗಳಲ್ಲಿ ಹೇಳಿಕೊಳ್ಳುವಂಥ ಸಡಿಲವಿರಲಿಲ್ಲ. ಆದರೆ ಲೂಬ್ ತುಂಬುವ ಕೊಳವೆಯಲ್ಲಿ ಎಷ್ಟೋ ವರ್ಷಗಳ ಹಿಂದಿನ ಲೂಬ್ ಕಪ್ಪಗೆ ಕಲ್ಲಿನಂತೆ ಕೂತಿತ್ತು. ಇಂಥ ಸ್ಥಿತಿಯಲ್ಲಿ ಲೂಬನ್ನು ತಳ್ಳುವ ಒತ್ತಡದ ಸ್ಕ್ರೂವನ್ನು ಸ್ಪ್ಯಾನರಿನಿಂದ ಬಲವಂತವಾಗಿ ತಿರುಗಿಸಿದರೆ ಅದು ಬಾಗುವ ಸಂಭವವಿರುತ್ತದೆ; ಹಳೆಯ ಯಂತ್ರ ಕೊಳ್ಳುವಾಗ ಆ ಸ್ಕ್ರೂ ನೆಟ್ಟಗಿದೆಯೇ ಎಂದು ಮೊದಲೇ ನೋಡುವುದು ಒಳ್ಳೆಯದು. ಹೇರ್ ಡ್ರೈಯರಿನಿಂದ ಮೈಯನ್ನು ನಿಧಾನವಾಗಿ ಬಿಸಿ ಮಾಡಿ, ಕರಗಿದ್ದನ್ನು ಬಟ್ಟೆಯಿಂದ ಒರೆಸಿ ತೆಗೆದು, ಉಳಿದ ಜಿಡ್ಡನ್ನು ಮಿನರಲ್ ಸ್ಪಿರಿಟ್‌ನಿಂದ ತೊಳೆದ ಮೇಲೆ ಸ್ಕ್ರೂ ಎರಡು ಬೆರಳಿನಲ್ಲೇ ತಿರುಗತೊಡಗಿತು. ಸ್ಪಿರಿಟ್ ಬಳಸುವುದಾದರೆ ಯಂತ್ರ ಪೂರ್ತಿ ತಣ್ಣಗಾಗಿರಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು.

ನಿಜವಾದ ತೊಡಕು ಡೈಯದು, ಅಂದರೆ ಗುಂಡನ್ನು ಒಳಗೆ ಒತ್ತಿ ನಿಗದಿತ ವ್ಯಾಸಕ್ಕೆ ತರುವ ಕೊಳವೆಯಂಥ ಬಿಡಿಭಾಗದ್ದು. ಯಂತ್ರದೊಡನೆ ಬಂದ ಡೈಗಳಲ್ಲಿ ಒಂದು ಹಳೆಯ ಬಗೆಯದು: ಒಳಗೆ ವ್ಯಾಸ ಬದಲಾಗುವಲ್ಲಿ ಇಳಿಜಾರಿನ ಬದಲು ಚೂಪಾದ ಮೆಟ್ಟಿಲಿತ್ತು. ಗುಂಡು ಅದರೊಳಗೆ ಇಳಿಯುವಾಗ ಸೀಸ ಒತ್ತಿಹೋಗುವ ಬದಲು ಒಂದು ಪಕ್ಕದಲ್ಲಿ ತೆಳುವಾಗಿ ಕೆತ್ತಿಹೋಗುತ್ತದೆ. ಉಗುರಿನ ತುದಿಯಷ್ಟು ಬೆಳ್ಳಗೆ ಹೊಳೆಯುವ ಸುರುಳಿ ಡೈಯ ಬಾಯಲ್ಲಿ ಉಳಿಯುವುದೇ ಇದರ ಗುರುತು. ಇಳಿಜಾರಿನ ಹೊಸ ಡೈ ಹಾಕಿದಾಗ ಆ ಸುರುಳಿ ಕಾಣಿಸಲಿಲ್ಲ. ಆರ್‌ಸಿಬಿಎಸ್ ಕಂಪನಿಯ ಡೈಗಳೂ ಲೈಮನ್ ಯಂತ್ರಕ್ಕೆ ಹೊಂದುತ್ತವೆ ಎಂಬುದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ದೊಡ್ಡ ಅನುಕೂಲ.

ಗುಂಡಿನ ಮೂತಿಯನ್ನು ಹಿಡಿದು ಅದನ್ನು ಡೈಯೊಳಗೆ ಒತ್ತುವ ಮೇಲಿನ ಪಂಚ್ ಕೂಡ ಇಷ್ಟೇ ಮುಖ್ಯ. ಗುಂಡಿನ ಮೂತಿಯ ಆಕಾರಕ್ಕೆ ಅದು ಹೊಂದದಿದ್ದರೆ ಗುಂಡು ಓರೆಯಾಗಿ ಡೈಗೆ ಇಳಿದು, ಒಂದು ಪಕ್ಕದಲ್ಲಿ ತೋಡು ಆಳವಾಗಿಯೂ ಇನ್ನೊಂದು ಪಕ್ಕದಲ್ಲಿ ಸವೆದಂತೆಯೂ ಕಾಣುತ್ತದೆ. ಚಪ್ಪಟೆ ಮೂತಿಯ ಗುಂಡಿಗೆ ದುಂಡು ಪಂಚ್ ಹಾಕಿಕೊಟ್ಟು, ಇದೇ ಸರಿ ಎಂದು ಮಾರಿದವರು ಹೇಳಿದರೆ ನಂಬಬೇಡಿ.

ಜೋಡಣೆಯಲ್ಲಿ ಸಮಯ ತಿನ್ನುವುದು ಆಳದ ಹೊಂದಾಣಿಕೆ. ಡೈಯ ಗೋಡೆಯಲ್ಲಿರುವ ಸಣ್ಣ ತೂತುಗಳ ಎದುರಿಗೆ ಗುಂಡಿನ ತೋಡು ಸರಿಯಾಗಿ ನಿಂತಾಗ ಮಾತ್ರ ಲೂಬ್ ಅದರೊಳಗೆ ಹರಿಯುತ್ತದೆ. ಗುಂಡು ಒಂದಿಷ್ಟು ಹೆಚ್ಚು ಇಳಿದರೂ ಲೂಬ್ ತೋಡು ಬಿಟ್ಟು ಮೂತಿಯ ಕಡೆಗೆ ಹರಡುತ್ತದೆ, ಕಡಿಮೆ ಇಳಿದರೆ ಮೇಲಿನ ತೋಡು ಬರಿದಾಗಿ ಉಳಿಯುತ್ತದೆ. ಆಳದ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ಬಾರಿಯೂ ಗುಂಡನ್ನು ಬೆಳಕಿಗೆ ಹಿಡಿದು ನೋಡುವುದೊಂದೇ ದಾರಿ. ಲೂಬ್ ಗುಂಡಿನ ತಳಕ್ಕೆ ಮೆತ್ತಿಕೊಂಡರೆ ಒತ್ತಡ ಹೆಚ್ಚಾಗಿದೆ ಎಂದರ್ಥ. ನಾನು ಬಳಸಿದ್ದು ಅರ್ಧ ಜೇನುಮೇಣ, ಅರ್ಧ ಆಲಾಕ್ಸ್ ಎಂಬ ಪೆಟ್ರೋಲಿಯಂ ಜಿಡ್ಡು ಬೆರೆತ ಮೆದು ಲೂಬ್. ಇದಕ್ಕೆ ಹೀಟರ್ ಬೇಕಾಗಲಿಲ್ಲ, ಆದರೆ ಚಳಿಗಾಲದ ಗ್ಯಾರೇಜಿನಲ್ಲಿ ಇದೂ ಬಿಗಿಯಾಗುತ್ತದೆ. ಗಟ್ಟಿ ಲೂಬ್ ಆರಿಸುವವರು ಹೀಟರಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಅಳತೆಯ ವಿಷಯದಲ್ಲಿ ಡೈಯ ಮೇಲಿನ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. .45 ಎಸಿಪಿ ಎಂಬ ಪಿಸ್ತೂಲಿನ ತೋಟೆಗೆ ಸಾಮಾನ್ಯವಾಗಿ 0.452 ಇಂಚು, .38 ಸ್ಪೆಷಲ್ ಎಂಬ ರಿವಾಲ್ವರಿನ ತೋಟೆಗೆ 0.358 ಇಂಚು ಬಳಸುತ್ತಾರೆ. ಆದರೆ ಮಿಶ್ರಲೋಹ ಗಟ್ಟಿಯಾದಷ್ಟೂ ಗುಂಡು ಡೈಯಿಂದ ಹೊರಬಂದ ಮೇಲೆ ಕೂದಲೆಳೆಯಷ್ಟು ಹಿಗ್ಗುತ್ತದೆ. 90 ಪಾಲು ಸೀಸ, ತಲಾ 5 ಪಾಲು ತವರ ಮತ್ತು ಆಂಟಿಮನಿ ಇರುವ ಲೈಮನ್ 2 ಮಿಶ್ರಣದ ಗುಂಡನ್ನು ಮೈಕ್ರೋಮೀಟರಿನಲ್ಲಿ ಅಳೆದ ಮೇಲೆಯೇ ಮುಂದುವರಿಯುವುದು ಲೇಸು. ಒಂದೆರಡು ಸಾವಿರಾಂಶ ಇಂಚಿಗಿಂತ ಹೆಚ್ಚು ಒತ್ತಬೇಕಾಗಿ ಬಂದರೆ, ಅಲ್ಲಿ ಬದಲಾಯಿಸಬೇಕಾದದ್ದು ಅಚ್ಚು. ಕೆಲಸವಾದ ಮೇಲೆ ಕೈಯನ್ನು ಸೋಪು ಹಚ್ಚಿ ತೊಳೆಯದೆ ಊಟದ ತಟ್ಟೆ ಮುಟ್ಟಬಾರದು, ಏಕೆಂದರೆ ಸೀಸ ವಿಷ.

ವೇಗದಲ್ಲಿ ಈ ಯಂತ್ರ ಹಿಂದೆ. ಪ್ರತಿ ಗುಂಡಿಗೂ ಹಿಡಿಕೆಯನ್ನು ಇಳಿಸಿ ಎತ್ತಬೇಕು, ನಡುನಡುವೆ ಒತ್ತಡದ ಸ್ಕ್ರೂವನ್ನೂ ತಿರುಗಿಸಬೇಕು. ವಾರಕ್ಕೆ ಸಾವಿರಾರು ಗುಂಡು ಹಾರಿಸುವವರಿಗೆ ಡೈಯ ಮೂಲಕ ಗುಂಡನ್ನು ನೇರ ಕೆಳಗೆ ತಳ್ಳುವ ಸ್ಟಾರ್ ಯಂತ್ರವೇ ಸರಿ, ಬೆಲೆ ಹೆಚ್ಚಾದರೂ. ಕಡಿಮೆ ಗುಂಡು ಬಳಸಿ, ಹಲವು ಅಳತೆಗಳನ್ನು ಆಗಾಗ ಬದಲಾಯಿಸುವವರಿಗೆ ಮಾತ್ರ, ಇಳಿಜಾರಿನ ಡೈ ಮತ್ತು ಹೊಂದುವ ಪಂಚ್ ಜೊತೆಗೆ ಸಿಕ್ಕಿದರೆ, 450 ಕೊಳ್ಳಿ ಎಂದೇ ಹೇಳುತ್ತೇನೆ.