ನಾಯಿಗೆ ಕ್ಲಿಕ್ಕರ್ ಕಿಟ್ಟೋ, ಕರೆಂಟ್ ಪಟ್ಟಿಯೋ?

ಚಿಕ್ಕಬಳ್ಳಾಪುರದಲ್ಲಿ ಪೆಟ್ ಅಂಗಡಿಗೆ ಹೋಗಿ "ನಾಯಿ ಮಾತು ಕೇಳ್ತಿಲ್ಲ, ಸುಮ್ಮನೆ ಬೊಗಳುತ್ತೆ" ಅಂದರೆ ಎರಡು ಸಾಮಾನು ಸಿಗಬಹುದು. ಒಂದು, ಅಂಗೈಯಲ್ಲಿ ಹಿಡಿದು ಒತ್ತಿದರೆ ಟಿಕ್ ಅನ್ನುವ ಕ್ಲಿಕ್ಕರ್, ಜೊತೆಗೆ ಸೊಂಟಕ್ಕೆ ಸಿಕ್ಕಿಸುವ ತಿನಿಸಿನ ಚೀಲ. ಇನ್ನೊಂದು, ಬೊಗಳಿದರೆ ಕತ್ತಿಗೆ ಕರೆಂಟ್ ಕೊಡುವ ಪಟ್ಟಿ. ಎರಡನೆಯದೇ ದುಬಾರಿ. ನಮ್ಮ ಓಟು ಮೊದಲನೆಯದಕ್ಕೆ. ಅಗ್ಗ ಅಂತಲ್ಲ, ಕೆಲಸ ಮಾಡುತ್ತೆ ಅಂತ.

ಕ್ಲಿಕ್ಕರ್ ಒಳಗಿರುವುದು ಬಾಗಿದ ಒಂದು ಸ್ಟೀಲ್ ತಗಡು, ಅಷ್ಟೆ. ಇಂಥ ಟಿಕ್‌ಟಿಕ್ ಆಟಿಕೆಯನ್ನು ಪ್ರಾಣಿಗಳಿಗೆ ಕಲಿಸಲು ಬಳಸಬಹುದೆಂದು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1951ರಲ್ಲೇ ಬರೆದಿದ್ದರು. ನಾಯಿ ಕೂತಿತು ಅನ್ನಿ. ನೀವು ಚೀಲಕ್ಕೆ ಕೈ ಹಾಕಿ ತಿನಿಸು ತೆಗೆಯುವಷ್ಟರಲ್ಲಿ ಅದು ಎದ್ದಿರುತ್ತದೆ, ಬಹುಮಾನ ಎದ್ದಿದ್ದಕ್ಕೆ ಸಲ್ಲುತ್ತದೆ. ಕೂತ ಕ್ಷಣಕ್ಕೇ ಟಿಕ್ ಅನ್ನಿಸಿದರೆ ಆ ಗೊಂದಲ ಇರುವುದಿಲ್ಲ.

ಮೊದಲ ದಿನ ಏನೂ ಕಲಿಸಬೇಡಿ. ಒಂದು ಟಿಕ್, ಕೂಡಲೇ ಒಂದು ತುಂಡು. ಹೀಗೆ ಹದಿನೈದಿಪ್ಪತ್ತು ಸಲ. ಸದ್ದು ಕೇಳಿ ನಾಯಿ ನಿಮ್ಮ ಕೈ ನೋಡತೊಡಗಿದರೆ ಅರ್ಥವಾಯಿತು ಅಂತ. ಆಮೇಲೆ ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ ಮೂರೇ ನಿಮಿಷ. ಬೇಯಿಸಿದ ಕೋಳಿ ಅಥವಾ ಪನೀರ್, ಬಟಾಣಿ ಕಾಳಿನಷ್ಟು ಸಾಕು. ಹೊಟ್ಟೆ ತುಂಬಿದ ನಾಯಿ ಕಲಿಯುವುದಿಲ್ಲ, ಊಟಕ್ಕೆ ಮುಂಚೆ ಮಾಡಿ. ಮನೆಯಲ್ಲಿ ದ್ರಾಕ್ಷಿ ಬುಟ್ಟಿ ಇರುವ ಊರು ನಮ್ಮದು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಒಂದೂ ಕೊಡಬೇಡಿ.

ಹೇಳುವ ಮಾತೂ ಒಂದೇ ಇರಲಿ. ಅಜ್ಜಿ ತೆಲುಗಿನಲ್ಲಿ "ಕೂರ್ಚೋ", ಅಪ್ಪ "ಕೂತ್ಕೊ", ಮಗ "ಸಿಟ್" ಅಂದರೆ ಪಾಪ, ನಾಯಿಗೆ ಅದು ಮೂರು ಪಾಠ.

ಕರೆಂಟ್ ಪಟ್ಟಿಗೆ ಬರೋಣ. ಮನೋವಿಜ್ಞಾನದ ಪಠ್ಯಪುಸ್ತಕದಲ್ಲಿ ಧನಾತ್ಮಕ ಅಂದರೆ ಏನೋ ಒಂದನ್ನು ಸೇರಿಸುವುದು, ಋಣಾತ್ಮಕ ಅಂದರೆ ತೆಗೆಯುವುದು. ಒಳ್ಳೆಯದು, ಕೆಟ್ಟದ್ದು ಅಂತಲ್ಲ. ನಡವಳಿಕೆ ಹೆಚ್ಚಿದರೆ ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ಕೊರಿಯರ್ ಹುಡುಗ ಬಂದ, ನಾಯಿ ಬೊಗಳಿತು, ಅವನು ಹೋದ. ಅವನು ಹೇಗೂ ಹೋಗುವವನೇ, ಆದರೆ ನಾಯಿಯ ಲೆಕ್ಕದಲ್ಲಿ ಓಡಿಸಿದ್ದು ತಾನೇ. ಇದು ಋಣಾತ್ಮಕ ಪುನರ್ಬಲನ, ಬೊಗಳಾಟ ಬಲಿಯುವುದೇ ಇದರಿಂದ. ಪಟ್ಟಿ ಇದರ ಮೇಲೆ ನೋವನ್ನು ಸೇರಿಸುತ್ತದೆ, ಅಂದರೆ ಧನಾತ್ಮಕ ಶಿಕ್ಷೆ. ನಾಯಿ ಆ ನೋವನ್ನು ತನ್ನ ಬೊಗಳಿಕೆಗೇ ಜೋಡಿಸುತ್ತದೆ ಅನ್ನುವ ಖಾತ್ರಿ ಇಲ್ಲ. ಆಗ ಎದುರಿದ್ದ ಮಗುವಿಗೋ ಪಕ್ಕದ ಮನೆಯವರಿಗೋ ಜೋಡಿಸಿಬಿಡಬಹುದು. ಗುರ್ ಅನ್ನುವುದನ್ನೂ ಅಡಗಿಸಿದರೆ ಎಚ್ಚರಿಕೆ ಇಲ್ಲದೆ ಕಚ್ಚುವ ನಾಯಿ ತಯಾರಾಗುತ್ತದೆ. ಸದ್ದು ಹಿಡಿಯುವ ಅಗ್ಗದ ಪಟ್ಟಿಗಳು ಬೀದಿನಾಯಿ ಬೊಗಳಿದರೂ ನಿಮ್ಮ ನಾಯಿಗೇ ಹೊಡೆಯುತ್ತವೆ. ದಿನವಿಡೀ ಕಟ್ಟಿದರೆ ಲೋಹದ ಮೊಳೆಗಳು ಒತ್ತಿ ಕತ್ತು ಹುಣ್ಣಾಗುತ್ತದೆ.

ಕ್ಲಿಕ್ಕರಿನಲ್ಲಾದರೆ ಗೇಟಿನ ಬಳಿ ಯಾರೋ ಕಂಡು, ನಾಯಿ ಇನ್ನೂ ಬಾಯಿ ತೆರೆಯದ ಹೊತ್ತಿಗೇ ಟಿಕ್, ತಿನಿಸು. ದೂರದಲ್ಲಿ ಶುರು ಮಾಡಿ, ದಿನದಿನಕ್ಕೆ ಹತ್ತಿರ ಬನ್ನಿ. ಮೈಮೇಲೆ ಹಾರುವ ನಾಯಿಗೆ ಬೈಗುಳವೂ ಗಮನವೇ. ಬೆನ್ನು ತಿರುಗಿಸಿ ನಿಲ್ಲಿ, ನಾಲ್ಕೂ ಕಾಲು ನೆಲಕ್ಕೆ ಬಂದಾಗ ಟಿಕ್. ಮೊದಲ ಕೆಲವು ದಿನ ಹಾರಾಟ ಇನ್ನೂ ಜೋರಾಗಬಹುದು, ಯಾಕಂದರೆ ಇಷ್ಟು ದಿನ ಫಲ ಕೊಟ್ಟ ಉಪಾಯ ಈಗ ಕೊಡುತ್ತಿಲ್ಲ. ಬಹಳ ಮಂದಿ ಕೈಬಿಡುವುದು ಇಲ್ಲೇ. ಆಗ ಯಾರಾದರೂ "ಹೋಗ್ಲಿ ಬಿಡು" ಅಂತ ಬಿಸ್ಕತ್ತು ಕೊಟ್ಟರೆ ಅಭ್ಯಾಸ ಮೊದಲಿಗಿಂತ ಗಟ್ಟಿಯಾಗುತ್ತದೆ. ನಂದಿಬೆಟ್ಟದ ಕೋತಿಗಳನ್ನು ನೋಡಿ: ಎಲ್ಲರ ಕೈಚೀಲದಲ್ಲೂ ತಿಂಡಿ ಸಿಗುವುದಿಲ್ಲ, ಯಾವಾಗಲೋ ಒಮ್ಮೆ ಸಿಗುತ್ತದೆ, ಅದಕ್ಕೇ ಪ್ರತಿ ಚೀಲಕ್ಕೂ ಕೈ ಹಾಕುತ್ತವೆ.

ಕಿಟ್ಟಿನಲ್ಲೂ ಕೊರತೆ ಇದೆ. ತಗಡು ನೀರು ತಗುಲಿದರೆ ತುಕ್ಕು ಹಿಡಿದು ಸದ್ದು ಮಂಕಾಗುತ್ತದೆ. ಸದ್ದಿಗೆ ಬೆಚ್ಚುವ ನಾಯಿಯಾದರೆ ಕ್ಲಿಕ್ಕರನ್ನು ಕಾಲುಚೀಲದೊಳಗೆ ಇಟ್ಟು ಒತ್ತಿ. ದಾರ ಎಳೆದು ಮುಚ್ಚುವ ಚೀಲ ಬೇಡ, ಒಂದೇ ಕೈಯಲ್ಲಿ ತೆರೆಯುವುದಿಲ್ಲ. ಬಾಯಿ ಅಗಲ ಇರುವುದನ್ನು ಕೇಳಿ. ಕೋಳಿ ಹಾಕಿದ ದಿನವೇ ತೊಳೆಯದಿದ್ದರೆ ಮರುದಿನ ಇರುವೆ, ನಾತ ಎರಡೂ ಗ್ಯಾರಂಟಿ.