ಹೂಗಳ ಕಣಿವೆಯೋ, ಹೇಮಕುಂಡವೋ?

ಕುಕ್ಕರಹಳ್ಳಿ ಕೆರೆಯ ನಮ್ಮ ವಾಕಿಂಗ್ ಗುಂಪಿನಲ್ಲಿ ಬದರಿಗೆ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ‘ಮಧ್ಯೆ ಒಂದು ದಿನ ಬಿಡುವಿದೆ. ಹೂಗಳ ಕಣಿವೆ ನೋಡೋದಾ, ಹೇಮಕುಂಡ ಹತ್ತೋದಾ?’ ಎರಡೂ ಉತ್ತರಾಖಂಡದ ಹಿಮಾಲಯದಲ್ಲಿ, ಬದರಿಗೆ ಹೋಗುವ ದಾರಿಯಲ್ಲೇ ಸಿಗುತ್ತವೆ. ಒಂದು ಹೂವಿನ ಹುಲ್ಲುಗಾವಲು, ಇನ್ನೊಂದು ಸರೋವರದ ದಡದಲ್ಲಿರುವ ಸಿಖ್ಖರ ಯಾತ್ರಾಸ್ಥಳ. ಆಗಸ್ಟ್ ಕೊನೆಯಲ್ಲಿ ಅಕ್ಕನ ಜೊತೆ ಎರಡೂ ಕಡೆ ನಡೆದು ಬಂದಿದ್ದೇನೆ. ನನ್ನ ಉತ್ತರ ಕಣಿವೆ. ಆದರೆ ಅದಕ್ಕೆ ಕಾರಣ ಹೂವಲ್ಲ. ಹೂವಿನ ವಿಷಯದಲ್ಲಿ ಹೇಮಕುಂಡದ ದಾರಿಯೇ ಒಂದು ಕೈ ಮೇಲು.

ಎರಡಕ್ಕೂ ಬುಡ ಘಾಂಘರಿಯಾ. ಬದರಿ ರಸ್ತೆಯ ಗೋವಿಂದಘಾಟ್‌ನಿಂದ ಪುಲ್ನಾವರೆಗೆ ಜೀಪು, ಅಲ್ಲಿಂದ ಹತ್ತಿರ ಹತ್ತಿರ 10 ಕಿಲೋಮೀಟರ್ ನಡಿಗೆ. ಊರು 3,049 ಮೀಟರ್ ಎತ್ತರದಲ್ಲಿದೆ. ಊರು ದಾಟಿ ಸ್ವಲ್ಪ ದೂರ ಹೋದರೆ ದಾರಿ ಒಡೆಯುತ್ತದೆ. ಎಡಕ್ಕೆ ಕಣಿವೆ, ಇನ್ನೊಂದು ಹೇಮಕುಂಡ. ಎರಡೂ ಕಡೆ ರಾತ್ರಿ ಉಳಿಯಲು ಬಿಡುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಇಳಿದುಬಿಡಬೇಕು.

ಹೇಮಕುಂಡಕ್ಕೆ ದೂರ 6 ಕಿಲೋಮೀಟರ್ ಅಷ್ಟೇ. ಆದರೆ ಆ ಆರರಲ್ಲಿ 1,200 ಮೀಟರಿಗೂ ಜಾಸ್ತಿ ಏರಬೇಕು. ನಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಬೆಳಿಗ್ಗೆ ನಾಲ್ಕೈದು ಸಲ ಹತ್ತಿದ ಹಾಗೆ, ಅದೂ ಗಾಳಿ ತೆಳುವಾದ ಜಾಗದಲ್ಲಿ. ದಾರಿ ಅಗಲವಾಗಿದೆ, ಕಲ್ಲು ಹಾಸಿದ್ದಾರೆ. ಹೇಸರಗತ್ತೆಗಳು ಸಾಲಾಗಿ ಬರುತ್ತವೆ. ಅವು ಬಂದಾಗ ಬೆಟ್ಟದ ಕಡೆಗೇ ಸರಿದು ನಿಲ್ಲಿ, ಕಣಿವೆಯ ಅಂಚಿಗೆ ಬೇಡ. ಮಳೆ ಬಿದ್ದರೆ ಲದ್ದಿಯೂ ಕೆಸರೂ ಸೇರಿ ಕಲ್ಲು ಜಾರುತ್ತದೆ. ಜನವೂ ಜಾಸ್ತಿ. ಆದರೆ ಎಂಥಾ ಜನ! ಎಪ್ಪತ್ತು ದಾಟಿದ ಅಜ್ಜಿಯರು, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಂದಿರು, ಎಲ್ಲರೂ ‘ವಾಹೆಗುರು’ ಎನ್ನುತ್ತಾ ಹತ್ತುತ್ತಾರೆ. ಅಕ್ಕ ಕುಳಿತಲ್ಲೆಲ್ಲ ಯಾರಾದರೊಬ್ಬರು ಬಂದು ‘ಮಾತಾಜಿ, ಇನ್ನೇನು ಬಂತು’ ಎಂದು ಹಿಂದಿಯಲ್ಲಿ ಧೈರ್ಯ ಹೇಳಿ ಹೋಗುತ್ತಿದ್ದರು.

ಈಗ ಹೂವಿನ ಮಾತು. ಮೇಲೆ ಹೋದಷ್ಟೂ ಹೂವು ತಡವಾಗಿ ಅರಳುತ್ತದೆ. ಕೆಳಗಿನ ಕಣಿವೆಯಲ್ಲಿ ಜುಲೈನ ಹೂಗಳು ಉದುರಿ ಬೀಜ ಕಟ್ಟುವ ಹೊತ್ತಿಗೆ ಹೇಮಕುಂಡದ ಮೇಲಿನ ಇಳಿಜಾರಿನಲ್ಲಿ ಇನ್ನೂ ಹಬ್ಬ ನಡೆದಿರುತ್ತದೆ. ಬಂಡೆ ಸಂದಿಯಲ್ಲಿ ಗಸಗಸೆ ಕುಟುಂಬದ ನೀಲಿ ಪಾಪಿ ಹೂಗಳು ಒಂದೆರಡು ಉಳಿದಿದ್ದವು. ಇನ್ನೂ ಮೇಲೆ, ದಾರಿಯ ಅಂಚಿನಲ್ಲೇ ಬ್ರಹ್ಮಕಮಲ. ನಮ್ಮ ಮನೆಗಳ ಹಿತ್ತಲಲ್ಲಿ ರಾತ್ರಿ ಅರಳುವುದು ಮೆಕ್ಸಿಕೋ ಕಡೆಯ ಕಳ್ಳಿ ಜಾತಿಯದು, ಈ ಗಿಡವೇ ಬೇರೆ. ಮಂಡಿ ಎತ್ತರಕ್ಕೂ ಬರದ ದಪ್ಪ ಕಾಂಡ. ತುದಿಯಲ್ಲಿ ತಿಳಿ ಹಳದಿ ಬಣ್ಣದ, ಬೆಣ್ಣೆ ಕಾಗದದಂಥ ಎಲೆಗಳು ದೋಣಿಯಾಕಾರಕ್ಕೆ ಮಡಚಿಕೊಂಡಿರುತ್ತವೆ. ಅದನ್ನೇ ಹೂವು ಅಂದುಕೊಳ್ಳುತ್ತೇವೆ. ಬಗ್ಗಿ ಒಳಗೆ ನೋಡಿದರೆ ನೇರಳೆ ಬಣ್ಣದ ಪುಟ್ಟ ಪುಟ್ಟ ಹೂಗಳು ಗುಂಪಾಗಿ ಕೂತಿರುತ್ತವೆ. ಹೊರಗಿನ ಹೊದಿಕೆ ಅವನ್ನು ಚಳಿ ಮಳೆಯಿಂದ ಕಾಪಾಡುತ್ತದೆ. ಮಂಜಿನಲ್ಲಿ ಒದ್ದೆಯಾದ ಆ ಹೊದಿಕೆಯ ಮೇಲೆ ಹನಿಗಳು ಜಾರದೆ ನಿಂತಿದ್ದವು. ವಾಸನೆ ಗಾಢ, ಎಲ್ಲರಿಗೂ ಹಿಡಿಸುವಂಥದ್ದಲ್ಲ. ದಯವಿಟ್ಟು ಕೀಳಬೇಡಿ. ದೇವರಿಗೆ ಅಂತಲೂ ಬೇಡ.

ಮೇಲೆ 4,300 ಮೀಟರಿಗೂ ಎತ್ತರದಲ್ಲಿ ಸರೋವರ, ಗುರುದ್ವಾರ, ಪಕ್ಕದಲ್ಲೇ ಲಕ್ಷ್ಮಣನ ಗುಡಿ. ಲಂಗರ್‌ನ, ಅಂದರೆ ಗುರುದ್ವಾರದ ಉಚಿತ ಊಟದ ಮನೆಯ, ಬಿಸಿ ಖಿಚಡಿ, ಚಹಾ ಹೊಟ್ಟೆಗೆ ಬಿದ್ದಾಗ ಜೀವ ಬಂತು. ಆದರೆ ಅಷ್ಟು ಹತ್ತಿ ಬಂದರೂ ಅಲ್ಲಿ ಜಾಸ್ತಿ ಹೊತ್ತು ಕೂರುವ ಹಾಗಿಲ್ಲ. ಮಧ್ಯಾಹ್ನ ಎರಡರೊಳಗೆ ಎಲ್ಲರನ್ನೂ ಇಳಿಸುತ್ತಾರೆ.

ಕಣಿವೆಯ ಲೆಕ್ಕವೇ ಬೇರೆ. ಪುಷ್ಪಾವತಿ ನದಿಯ ಸೇತುವೆ ದಾಟಿದ ಮೇಲೆ ಭೂರ್ಜ ಮರಗಳ ನಡುವೆ ಒಂದು ಚೂಪಾದ ಏರು. ಅದು ಮುಗಿದರೆ ದೊಡ್ಡ ಕಷ್ಟವೆಲ್ಲ ಮುಗಿಯಿತು. ಮುಂದೆ 3,500 ಮೀಟರಿನ ಆಸುಪಾಸಿನಲ್ಲಿ ಹುಲ್ಲುಗಾವಲು ಹಾಸಿಕೊಂಡಿದೆ. ಹೇಸರಗತ್ತೆಗೆ ಪ್ರವೇಶ ಇಲ್ಲ, ಅಂಗಡಿ ಇಲ್ಲ. ಘಾಂಘರಿಯಾದಲ್ಲಿ ಕಟ್ಟಿಸಿಕೊಂಡ ಆಲೂ ಪರೋಟವನ್ನು ಅಕ್ಕ ಮೈಸೂರಿಂದ ತಂದ ಚಟ್ನಿಪುಡಿ ಜೊತೆ ತಿಂದೆವು. ಕಿವಿಗೆ ಬೀಳುತ್ತಿದ್ದದ್ದು ನದಿಯ ಸದ್ದು ಮಾತ್ರ.

ಆಗಸ್ಟ್ ಕೊನೆಗೆ ಇಲ್ಲಿ ಗುಲಾಬಿ ಬಣ್ಣದ ಕರ್ಣಕುಂಡಲದ ರಾಜ್ಯ. ಆಳೆತ್ತರ ಬೆಳೆದು ದಾರಿಯ ಎರಡೂ ಕಡೆ ಒತ್ತಿಕೊಂಡಿರುತ್ತದೆ. ಒಂದು ಹೂವಿನೊಳಗೆ ದುಂಬಿ ಪೂರ್ತಿ ಹೊಕ್ಕು, ಬೆನ್ನಿಗೆಲ್ಲ ಪರಾಗ ಮೆತ್ತಿಕೊಂಡು ಹಿಮ್ಮುಖವಾಗಿ ಹೊರಬಂತು. ಬಲಿತ ಕಾಯಿಗೆ ಅಕ್ಕನ ಸೆರಗು ತಾಗಿದ್ದೇ ತಡ, ಪಟ್ ಅಂತ ಸಿಡಿದು ಬೀಜ ಹಾರಿತು. ಜುಲೈನ ಬಣ್ಣಬಣ್ಣದ ಫೋಟೋ ನೋಡಿ ಈ ಹೊತ್ತಿಗೆ ಬಂದವರಿಗೆ ಸ್ವಲ್ಪ ನಿರಾಸೆ ಆಗಬಹುದು. ಎಷ್ಟೋ ಕಡೆ ಬಿಳಿ ಹೂವಿನ ಒಂದೇ ಜಾತಿಯ ಎತ್ತರದ ಗಿಡ ಆವರಿಸಿಕೊಂಡಿದೆ. ಬೇರೆ ಸಣ್ಣ ಗಿಡಗಳಿಗೆ ಅದು ಬೆಳಕೇ ಬಿಡುವುದಿಲ್ಲ ಎಂದು ಅರಣ್ಯ ಇಲಾಖೆಯವರು ಕೀಳಿಸುತ್ತಾರೆ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾದ, 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಜಾಗಕ್ಕೂ ಈ ಆರೈಕೆ ತಪ್ಪಿದ್ದಲ್ಲ.

ಹಾಗಾದರೆ ಕಣಿವೆಗೇ ಯಾಕೆ ಓಟು? ಕಣಿವೆಯಲ್ಲಿ ಎಲ್ಲಿ ನಿಂತು ಹಿಂದಿರುಗಿದರೂ ನೋಡಬೇಕಾದ್ದು ಸಿಕ್ಕಿರುತ್ತದೆ. ಹೇಮಕುಂಡದಲ್ಲಿ ಸರೋವರ, ಬ್ರಹ್ಮಕಮಲ, ಎಲ್ಲ ಕೊನೆಯ ಭಾಗದಲ್ಲಿವೆ. ಅರ್ಧಕ್ಕೆ ತಿರುಗಿದರೆ ಏರು ಹತ್ತಿದ್ದಷ್ಟೇ ಲಾಭ. ಐವತ್ತು ದಾಟಿದವರಿಗೆ, ಮಂಡಿ ನೋವಿರುವವರಿಗೆ ಇದು ದೊಡ್ಡ ವ್ಯತ್ಯಾಸ ಅಲ್ವಾ? ನಾನು ಕಣಿವೆಯಲ್ಲಿ ‘ಸಾಕಾ ಅಕ್ಕ?’ ಅಂದಾಗಲೆಲ್ಲ ‘ಇನ್ನೊಂದು ತಿರುವು ನೋಡ್ಕೊಂಡು ಬರೋಣ ಕಣೋ’ ಎನ್ನುತ್ತಿದ್ದಳು. ಹಾಗೆ ಹೋಗುತ್ತಾ ಹೋಗುತ್ತಾ ಜೋನ್ ಮಾರ್ಗರೆಟ್ ಲೆಗ್ ಅವರ ಸಮಾಧಿ ತಲುಪಿದೆವು. 1939ರಲ್ಲಿ ಗಿಡ ಸಂಗ್ರಹಿಸಲು ಬಂದ ಆಕೆ ಇಲ್ಲೇ ಜಾರಿ ಬಿದ್ದು ತೀರಿಕೊಂಡರು. ಅವರ ತಂಗಿಯೋ ಅಕ್ಕನೋ ಬಂದು ಕಲ್ಲು ನೆಡಿಸಿದರಂತೆ. ನನ್ನ ಅಕ್ಕ ಅಲ್ಲಿ ತುಂಬಾ ಹೊತ್ತು ಮಾತಾಡಲಿಲ್ಲ.

ಅಲ್ಲಿಂದ ಮುಂದೆ ನದಿಯ ಕಡೆ ನಡೆದಾಗ ಮೋಡ ಸರಿದು ಟಿಪ್ರಾ ಹಿಮನದಿ ಕಂಡಿತು. ಮಣ್ಣು, ಕಲ್ಲು ಮೆತ್ತಿಕೊಂಡ ಬೂದು ಮಂಜುಗಡ್ಡೆ. ಪುಷ್ಪಾವತಿ ಹುಟ್ಟುವುದು ಅಲ್ಲಿಂದಲೇ. ನಾವು ನಿಂತ ಹುಲ್ಲುಗಾವಲನ್ನು ಕೊರೆದದ್ದೂ ಹಿಂದೆ ಇಲ್ಲಿವರೆಗೆ ಚಾಚಿದ್ದ ಹಿಮವೇ. ಬಹಳಷ್ಟು ಜನ ಕಣಿವೆಯ ಬಾಯಿಯಲ್ಲೇ ಫೋಟೋ ತೆಗೆದು ತಿರುಗುತ್ತಾರೆ. ಅವರಿಗೆ ಇದು ಸಿಗುವುದಿಲ್ಲ. ಅದಕ್ಕೇ ಬೆಳಿಗ್ಗೆ ಚೆಕ್‌ಪೋಸ್ಟ್ ತೆರೆಯುವ ಹೊತ್ತಿಗೇ ಅಲ್ಲಿರಿ.

ಕಾಲು ಗಟ್ಟಿ ಇದ್ದು, ಗುರುದ್ವಾರದ ದರ್ಶನವೇ ಮುಖ್ಯ ಅನ್ನುವವರು ಹೇಮಕುಂಡಕ್ಕೇ ಹೋಗಲಿ. ಬ್ರಹ್ಮಕಮಲವನ್ನು ಅದರ ಜಾಗದಲ್ಲೇ ನೋಡಬೇಕು ಅನ್ನುವವರಿಗೂ ಅದೇ ಸರಿ. ಎರಡು ದಿನ ಇದ್ದವರು ಮೊದಲು ಕಣಿವೆ ಮಾಡಿ, ಎತ್ತರಕ್ಕೆ ಮೈ ಸ್ವಲ್ಪ ಒಗ್ಗುತ್ತದೆ. ಆದರೆ ಮೊದಲ ದಿನವೇ ಮಂಜು ಮುಚ್ಚಿದ್ದು, ನಿಮಗೆ ತಲೆನೋವು ಸುಸ್ತು ಏನೂ ಇಲ್ಲದಿದ್ದರೆ ಅದಲುಬದಲು ಮಾಡಬಹುದು. ಹೇಮಕುಂಡದ ಹೂಗಳು ದಾರಿ ಪಕ್ಕದಲ್ಲೇ ಇವೆ, ಮಂಜಿದ್ದರೂ ಕಾಣುತ್ತವೆ. ಟಿಪ್ರಾ ಕಾಣಬೇಕಾದರೆ ಆಕಾಶ ತಿಳಿಯಾಗಿರಲೇಬೇಕು. ಜೋರು ಮಳೆ ಇದ್ದರೆ ಎರಡೂ ಬೇಡ. ಮೇಲೆ ತಲೆನೋವಿನ ಜೊತೆ ವಾಂತಿಯೂ ಶುರುವಾದರೆ ಅಲ್ಲಿಂದಲೇ ಕೆಳಗಿಳಿಯಿರಿ, ಸರೋವರ ಎಷ್ಟೇ ಹತ್ತಿರ ಇರಲಿ.